ಸ್ಟೂಲು ಸರಿಸಿದ ಬೆಳಿಗ್ಗೆ

ನಮ್ಮ ಮಾವನ ಕನ್ನಡಕದ ಅಂಗಡಿಯಲ್ಲಿ ಯಾವ ವಸ್ತುವೂ ತನ್ನ ಜಾಗ ಬಿಟ್ಟು ಕದಲುವಂತಿಲ್ಲ. ಬಾಗಿಲು ದಾಟಿದ ಕೂಡಲೇ ಬಲಕ್ಕೆ ಗಾಜಿನ ಕೌಂಟರು, ಎಡಕ್ಕೆ ಸ್ಟ್ಯಾಂಡಿನ ಮೇಲೆ ನಿಂತ ಕನ್ನಡಿ, ನಡುವೆ ಗಿರಾಕಿ ಕೂರುವ ಸ್ಟೂಲು, ಎದುರು ಗೋಡೆಯಲ್ಲಿ ಅಕ್ಷರದ ಚಾರ್ಟು. ಮಾವನ ವಾದ ಸರಳ. ನಮ್ಮಲ್ಲಿಗೆ ಬರುವವರಲ್ಲಿ ಅರ್ಧ ಜನ ಕನ್ನಡಕ ಒಡೆದುಕೊಂಡೇ ಬರುತ್ತಾರೆ, ಅವರಿಗೆ ಸ್ಟೂಲು ಹಿಂದೆ ಇದ್ದಲ್ಲೇ ಸಿಗಬೇಕು. ಗುಡಿಸುವಾಗ ಅತ್ತೆ ಅದನ್ನು ಒಂದು ಗೇಣು ಆಚೆ ಇಟ್ಟರೂ ಸಾಕು, ಮಾವ ಮಾತಿಲ್ಲದೆ ಬಂದು ಮತ್ತೆ ಹಳೆಯ ಜಾಗಕ್ಕೇ ಕೂರಿಸುತ್ತಿದ್ದ. ಜಾಗ ಹುಡುಕುವ ಕಷ್ಟವೇನೂ ಇರಲಿಲ್ಲ. ನಿಂತೂ ನಿಂತೂ ಸ್ಟೂಲಿನ ಕಾಲುಗಳು ನೆಲದಲ್ಲಿ ಗುಳಿ ಮಾಡಿಕೊಂಡಿದ್ದವು.

ನಾನಿರುವುದು ಪರದೆಯ ಹಿಂದೆ. ಶಾಲೆ ಬಿಟ್ಟಾಗಿನಿಂದ ಅಲ್ಲಿನ ಸಣ್ಣ ಕೋಣೆಯಲ್ಲಿ ಗಾಜಿನ ಅಂಚು ಉಜ್ಜಿ, ಫ್ರೇಮಿಗೆ ಕೂರಿಸಿ, ಕಡ್ಡಿಯ ಸ್ಕ್ರೂ ಬಿಗಿಮಾಡುವುದು ನನ್ನ ಕೆಲಸ. ಪರದೆ ಒಂದು ಕಡೆ ಸರಿಯಾಗಿ ಕೂಡುವುದಿಲ್ಲ. ಆ ಸಂದಿನಿಂದ ಇಡೀ ಅಂಗಡಿ ಕಾಣುತ್ತದೆ, ನಾನು ಮಾತ್ರ ಯಾರಿಗೂ ಕಾಣುವುದಿಲ್ಲ. ನನಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ.

ಹಳೇ ಗಿರಾಕಿಗಳಲ್ಲಿ ಬಸ್ಸು ಓಡಿಸಿ ರಿಟೈರಾದ ಡ್ರೈವರೊಬ್ಬರಿದ್ದಾರೆ. ಚಾರ್ಟು ಅವರಿಗೆ ಬಾಯಿಪಾಠ. ಸ್ಟೂಲಿನ ಮೇಲೆ ಕೂತದ್ದೇ ತಡ, ಮಾವ ಕೇಳುವ ಮೊದಲೇ, ಮೇಲಿನ ದಪ್ಪಕ್ಷರದಿಂದ ತಳದ ಇರುವೆ ಸಾಲಿನವರೆಗೆ ಬಡಬಡನೆ ಒಪ್ಪಿಸಿಬಿಡುತ್ತಾರೆ. ಇಂಥವರಿಗೆಂದೇ ಮಾವ ಚಾರ್ಟಿನ ಬೆನ್ನಿಗೆ ಬೇರೆ ಅಕ್ಷರಗಳ ಇನ್ನೊಂದು ಚಾರ್ಟು ಅಂಟಿಸಿದ್ದಾನೆ. ಅನುಮಾನ ಬಂದಾಗ ಏನೋ ಧೂಳು ಒರೆಸುವವನಂತೆ ಹೋಗಿ ಅದನ್ನು ತಿರುಗಿಸಿ ಬರುತ್ತಾನೆ. ತಿರುಗಿಸಿದ ಮೇಲೂ ಡ್ರೈವರು ಹಳೇ ಸಾಲುಗಳನ್ನೇ ಗಟ್ಟಿಯಾಗಿ ಓದಿದ್ದುಂಟು. ಚಾರ್ಟು ಬದಲಾಗಿದೆ ಎಂದು ಮಾವ ಹೇಳಿದರೆ, ತಿರುಗಿಸೋ ಮುಂಚೆ ಹಾರ್ನ್ ಹೊಡೀಬೇಕು ಸ್ವಾಮಿ ಎಂದು ಅವನಿಗೇ ಬುದ್ಧಿ ಹೇಳಿದ್ದರು.

ಇನ್ನು ಬಾಗಿಲ ಪಕ್ಕದ ಚಾಪೆಯ ಮೇಲೆ ಕೂರುತ್ತಿದ್ದವರು ಸಾಹೇಬರು. ಉದ್ದ ಕಿವಿ, ಜೇನಿನ ಬಣ್ಣ, ಅಪ್ಪಟ ಜಾತಿ ನಾಯಿ. ಅವರ ಅಪ್ಪ ಯಾರು, ಅಜ್ಜ ಯಾರು, ಅಜ್ಜ ಯಾವ ನಾಯಿ ಶೋನಲ್ಲಿ ಕಪ್ ಗೆದ್ದಿದ್ದ ಎಂಬುದನ್ನೆಲ್ಲ ಮಾವ ಗಿರಾಕಿಯ ಮೂಗಿನ ಮೇಲೆ ಫ್ರೇಮು ಇಡುತ್ತಲೇ ಹೇಳಿ ಮುಗಿಸುತ್ತಿದ್ದ. ತನ್ನ ಸ್ವಂತ ಅಪ್ಪನ ಬಗ್ಗೆ ಅವನು ಅಷ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಸಾಹೇಬರ ಮೂತಿಗೆ ಗಾಜಿಲ್ಲದ ಒಂದು ಕಪ್ಪು ಫ್ರೇಮು ಹಾಕಿ ಕೂರಿಸಿದರೆ ರಸ್ತೆಯಲ್ಲಿ ಹೋಗುವವರು ನಿಂತು ನಗುತ್ತಿದ್ದರು, ನಕ್ಕವರಲ್ಲಿ ಒಬ್ಬಿಬ್ಬರು ಒಳಗೂ ಬರುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ಬಹುವಚನ ಕೊಟ್ಟು ಮಾತಾಡಿಸುತ್ತಿದ್ದುದು ಅವರೊಬ್ಬರನ್ನೇ.

ಪಕ್ಕದ ಬೇಕರಿ ಅಕ್ಕನ ಹತ್ತಿರವೂ ಅದೇ ಜಾತಿಯ ಹೆಣ್ಣು ನಾಯಿಯಿತ್ತು. ಉಬ್ಬಿದ ಹೊಟ್ಟೆ, ಕಂದು ಬೆನ್ನು ನೋಡಿ ಅಕ್ಕ ಅದಕ್ಕೆ ಬನ್ನು ಎಂದು ಹೆಸರಿಟ್ಟಿದ್ದಳು. ಸಾಹೇಬರಿಗೂ ಬನ್ನುಗೂ ಜೋಡಿ ಮಾಡಿಸುವುದೆಂದು ಅವಳೂ ಮಾವನೂ ಮಾತಾಡಿಕೊಂಡಿದ್ದರು. ಹುಟ್ಟದ ಮರಿಗಳು ಆಗಲೇ ಬೀದಿಯಲ್ಲಿ ಹಂಚಿಹೋಗಿದ್ದವು. ಇಸ್ತ್ರಿಯವನಿಗೆ ಒಂದು, ಡ್ರೈವರಿಗೆ ಒಂದು, ಅಕ್ಕನ ತಂಗಿಗೆ ಒಂದು. ಮತ್ತೆ ನನಗೊಂದು.

ನಾನು ಕೇಳಿಯೇ ಪಡೆದದ್ದು ಅದು. ಏನಾದರೂ ಬೇಕು ಎಂದು ಬಾಯಿಬಿಟ್ಟು ಕೇಳುವುದು ನನಗೆ ಬರುವುದಿಲ್ಲ. ಬಟ್ಟೆಯ ಬಣ್ಣವನ್ನೂ ಅತ್ತೆಯೇ ಆರಿಸುತ್ತಾಳೆ. ಅಂಥ ನಾನು ಅವತ್ತು ಪರದೆಯಿಂದ ತಲೆ ಹೊರಗೆ ಹಾಕಿ, ಮಾವಾ, ನನಗೂ ಒಂದು ಮರಿ, ಎಂದಿದ್ದೆ. ಮಾವನಿಗೆ ಎಷ್ಟು ಆಶ್ಚರ್ಯವಾಯಿತೆಂದರೆ ಕೈಯಲ್ಲಿದ್ದ ಸ್ಕ್ರೂ ಕೆಳಗೆ ಬಿತ್ತು. "ಗುಬ್ಬಿ ಕೇಳಿದ ಮೇಲೆ ಆಯ್ತು ಬಿಡು. ಮೊದಲನೇ ಮರಿ ನಿಂದೇ," ಎಂದ. ಆವತ್ತೇ ನನ್ನ ಮೇಜಿನ ಕೆಳಗೆ ಒಂದು ಬುಟ್ಟಿ ಇಟ್ಟು, ಗಾಜು ಒರೆಸಿ ಹಳೆಯದಾದ ಮೆತ್ತನೆ ಬಟ್ಟೆಗಳನ್ನು ಅದರಲ್ಲಿ ಹಾಸಿದೆ. ಗಾಜು ಉಜ್ಜುವಾಗ ಕಾಲಿನ ಹೆಬ್ಬೆರಳಿಂದ ಬುಟ್ಟಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಆದರೆ ಸಂದಿನಿಂದ ನೋಡುತ್ತಾ ಕೂತವಳಿಗೆ ಬೇಡದ್ದೂ ಕಾಣುತ್ತದೆ. ಸಾಹೇಬರ ಎಡಗಣ್ಣು ಬಲಗಣ್ಣಿಗಿಂತ ದೊಡ್ಡದಾಗಿತ್ತು. ಬಿಳಿಭಾಗ ಕೆಂಪಾಗಿ, ಕರಿಯ ಗುಡ್ಡೆಯೊಳಗೆ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುತ್ತಿತ್ತು. ಬೇಕರಿಯ ಬೆಕ್ಕು ಅವರ ಎಡಗಡೆ ಬಂದು ಆರಾಮಾಗಿ ಮೈ ನೆಕ್ಕಿಕೊಂಡು ಹೋದರೂ ಅವರು ಕತ್ತು ತಿರುಗಿಸುತ್ತಿರಲಿಲ್ಲ. ಮಾವನಿಗೆ ಇದೆಲ್ಲ ಹೆಮ್ಮೆಯ ವಿಷಯ. ಕಣ್ಣಿನ ಹೊಳಪು ಅಜ್ಜನಿಂದ ಬಂದದ್ದು. ಬೆಕ್ಕಿನ ಗೊಡವೆಗೆ ಹೋಗದಿರುವುದು ಸಂಸ್ಕಾರ. ಹೊಸ ಜಾಗಕ್ಕೆ ಹೋದಾಗ ಕಾಲು ಎತ್ತೆತ್ತಿ ಇಡುವುದು ರಾಜನಡಿಗೆ. ಒಮ್ಮೊಮ್ಮೆ ಹಣೆಯನ್ನು ಗೋಡೆಗೆ ಒತ್ತಿ ನಿಂತುಬಿಡುತ್ತಿದ್ದರು. ಮಾವ ಗಿರಾಕಿಗಳಿಗೆ ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿ, ಸಾಹೇಬರು ಯೋಚನೆಯಲ್ಲಿದ್ದಾರೆ ಎನ್ನುತ್ತಿದ್ದ.

ಜೋಡಿಯ ದಿನಕ್ಕೆ ಮುಂಚೆ ಇಂಜೆಕ್ಷನ್ ಆಗಬೇಕೆಂದು ಬೇಕರಿ ಅಕ್ಕ ಪಟ್ಟು ಹಿಡಿದಳು. ಮಾವನಿಗೆ ಅಂಗಡಿ ಬಿಡಲು ಆಗದೆ ಅತ್ತೆಯೂ ನಾನೂ ಸಾಹೇಬರನ್ನು ಕರೆದುಕೊಂಡು ಹೋದೆವು. ಪ್ರಾಣಿ ಡಾಕ್ಟರಮ್ಮ ಇಂಜೆಕ್ಷನ್ನಿನ ಮಾತೇ ಎತ್ತಲಿಲ್ಲ. ಸಾಹೇಬರ ಗಲ್ಲ ಹಿಡಿದು ಮುಖ ಮೇಲೆತ್ತಿದವಳು ಹಾಗೇ ನಿಂತಳು. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಪೆನ್ನಿನಂಥ ಒಂದು ಯಂತ್ರದ ತುದಿಯನ್ನು ಮೆಲ್ಲಗೆ ತಾಗಿಸಿ ನೋಡಿದಳು. ಆಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದಳು. ಇದು ಗ್ಲಾಕೋಮಾ. ಕಣ್ಣಿನೊಳಗೆ ನೀರು ಹುಟ್ಟುತ್ತಲೇ ಇರುತ್ತದೆ, ಅದು ಹರಿದುಹೋಗುವ ದಾರಿ ಇವನಿಗೆ ಸರಿಯಿಲ್ಲ, ಸಿಂಕು ಕಟ್ಟಿಕೊಂಡ ಹಾಗೆ. ಒಳಗೆ ಒತ್ತಡ ಏರಿ ಎಡಗಣ್ಣಿನ ನೋಟ ಪೂರ್ತಿ ಹೋಗಿದೆ. ಬಲಗಣ್ಣಿನಲ್ಲಿ ಮಂಜು ಮಂಜಾಗಿ ಸ್ವಲ್ಪ ಉಳಿದಿದೆ, ಹನಿ ಹಾಕುತ್ತಾ ಹೋದರೆ ಅದನ್ನು ಒಂದಷ್ಟು ಕಾಲ ತಡೆಯಬಹುದು. ತಲೆ ಗೋಡೆಗೆ ಒತ್ತುವುದು ಯೋಚನೆಯಿಂದಲ್ಲ, ನೋವಿನಿಂದ. ಈ ಮಾತಿಗೆ ಅತ್ತೆ ಸಾಹೇಬರ ಕಿವಿಯನ್ನು ಸವರುತ್ತಿದ್ದವಳು ಕೈ ನಿಲ್ಲಿಸಿದಳು.

"ಇದು ವಂಶದಲ್ಲಿ ಬರೋದಮ್ಮ. ಇವನಿಂದ ಮರಿ ಮಾಡಿಸಬೇಡಿ," ಎಂದಳು ಡಾಕ್ಟರಮ್ಮ.

ಅತ್ತೆಗೆ ಸಮಾಧಾನವಾಗಲಿ ಎಂದೋ ಏನೋ, ಮನುಷ್ಯರಲ್ಲೂ ಹೀಗೆ ಮನೆತನದಲ್ಲಿ ಇಳಿದು ಬರುವುದುಂಟು ಎಂದು ಸೇರಿಸಿದಳು. ಅಲ್ಲಿ ಎಷ್ಟೋ ಸಲ ಪಕ್ಕದ ನೋಟ ಮೊದಲು ಹೋಗುತ್ತದಂತೆ. ಎದುರಿನದು ಚೆನ್ನಾಗಿಯೇ ಕಾಣುವುದರಿಂದ ಕಳೆದುಕೊಂಡವರಿಗೇ ಗೊತ್ತಾಗುವುದಿಲ್ಲವಂತೆ.

ಮಧ್ಯಾಹ್ನ ಅಂಗಡಿಯ ಹಿಂದಿನ ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮಾವ ತಟ್ಟೆ ದೂಡಿ ಎದ್ದ. ಹನಿ ಬೇಕಾದರೆ ಹಾಕಿ, ಕೆಂಪು ಇಳಿಯಲಿ. ಆದರೆ ಜೀವಮಾನವೆಲ್ಲ ಕಣ್ಣು ನೋಡಿಕೊಂಡೇ ಬದುಕಿದವನ ಮನೆ ನಾಯಿಗೆ ಕಣ್ಣಿಲ್ಲವೆಂದರೆ ಅವನು ಹೇಗೆ ಒಪ್ಪಿಯಾನು? ಸಾಹೇಬರನ್ನು ಅಂಗಡಿಯ ಆ ತುದಿಯಲ್ಲಿ ಕೂರಿಸಿ, ತಾನು ಈ ತುದಿಯಲ್ಲಿ ನಿಂತು ಕರೆದ. ಸಾಹೇಬರು ಎದ್ದು ಹೊರಟರು. ಕನ್ನಡಿಯ ಕಾಲು ಬಳಸಿದರು, ಸ್ಟೂಲಿನ ಪಕ್ಕಕ್ಕೆ ತಿರುಗಿದರು, ಕೌಂಟರಿನ ಮೂಲೆಗೆ ಕೂದಲು ತಾಗದಂತೆ ಸುತ್ತಿ ಬಂದು ಮಾವನ ಕೈಗೆ ಮೂಗಿಟ್ಟರು.

"ಕುರುಡಂತೆ ಕುರುಡು," ಎಂದ ಮಾವ. "ಆ ಡಾಕ್ಟರಮ್ಮನನ್ನೇ ಇಲ್ಲಿಗೆ ಕಳಿಸಿ. ನಂಬರು ನೋಡಿ ಕೊಡ್ತೀನಿ."

ಸಂದಿನಿಂದ ನೋಡುತ್ತಿದ್ದ ನನಗೆ ಡ್ರೈವರ ನೆನಪಾಯಿತು. ಸಾಹೇಬರು ಸ್ಟೂಲನ್ನು ನೋಡಿ ತಿರುಗಲಿಲ್ಲ. ಸ್ಟೂಲು ಇರಬೇಕಾದ ಜಾಗಕ್ಕೆ ಬಂದು ತಿರುಗಿದರು. ಅವರೂ ಬಾಯಿಪಾಠ ಒಪ್ಪಿಸುತ್ತಿದ್ದರು.

ಹೇಳಬೇಕು ಎಂದುಕೊಂಡೆ. ಯಾರ ಹತ್ತಿರ ಹೇಳುವುದು? ಅತ್ತೆ ಹೇಳಿದ್ದನ್ನೇ ಕೇಳದವನು ನನ್ನ ಮಾತು ಕೇಳುತ್ತಾನೆಯೇ? ಹೇಳದೇ ಇದ್ದರೆ ಮರಿ ಬರುತ್ತದೆ. ಮೊದಲನೇ ಮರಿ ನನ್ನದು. ಉದ್ದ ಕಿವಿ ಬುಟ್ಟಿಯಿಂದಾಚೆ ಇಳಿಬಿದ್ದಿರುತ್ತದೆ. ನಾನು ಗಾಜು ಉಜ್ಜುತ್ತಿರುತ್ತೇನೆ, ಅದು ಕಾಲಿನ ಬೆರಳು ಕಚ್ಚುತ್ತಿರುತ್ತದೆ. ಹೀಗೆ ಯೋಚಿಸುತ್ತಾ ಹೋದಂತೆ ಮರಿ ದೊಡ್ಡದಾಯಿತು. ದೊಡ್ಡದಾಗಿ ಒಂದು ದಿನ ಎದ್ದು ಹೋಗಿ ಹಣೆಯನ್ನು ಗೋಡೆಗೆ ಒತ್ತಿ ನಿಂತಿತು. ಕೈಯಲ್ಲಿದ್ದ ಗಾಜು ಪಟ್ಟನೆ ಒಡೆಯಿತು. ಮಾವ ಆಚೆಯಿಂದ, ಏನಾಯ್ತೇ ಗುಬ್ಬಿ, ಎಂದ. ಏನಿಲ್ಲ ಮಾವಾ ಎಂದೆ.

ಜೋಡಿ ಗೊತ್ತಾಗಿದ್ದ ದಿನ ಬೆಳಿಗ್ಗೆ ಮಾವ ಒಳಗೆ ಸಾಹೇಬರ ಮೈ ಬಾಚುತ್ತಿದ್ದ. ಶಟರು ಎತ್ತುವ ಕೆಲಸ ನನ್ನದು. ಎತ್ತಿದೆ. ಆಮೇಲೆ ಸ್ಟೂಲನ್ನು ಎರಡು ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ, ಸಾಹೇಬರು ದಿನಾ ನಡೆಯುವ ದಾರಿಗೆ ತಂದಿಟ್ಟೆ. ಕನ್ನಡಿಯ ಸ್ಟ್ಯಾಂಡನ್ನು ಗೋಡೆಯಿಂದ ಮುಂದಕ್ಕೆ ಎಳೆದೆ. ನೆಲದ ಗುಳಿಗಳು ಹಲ್ಲುದುರಿದ ಬಾಯಿಯ ಹಾಗೆ ನನ್ನನ್ನೇ ನೋಡುತ್ತಿದ್ದವು. ಅವುಗಳ ಮೇಲೆ ಕಾಲೊರಸು ಹಾಸಿ, ಪರದೆಯ ಹಿಂದೆ ಹೋಗಿ ನಿಂತೆ.

ಮೊದಲು ಬಂದವರು ಡ್ರೈವರು. ಅವರ ಹೊಸ ಕನ್ನಡಕ ಅವತ್ತು ತಯಾರಾಗಿತ್ತು, ಮರಿಯ ಪಾಲುದಾರರಾಗಿ ಸಂಬಂಧವನ್ನೂ ನೋಡಿಕೊಂಡು ಹೋಗೋಣವೆಂದು ಕೌಂಟರಿಗೆ ಆತುಕೊಂಡು ನಿಂತರು. ಹಿಂದೆಯೇ ಬೇಕರಿ ಅಕ್ಕ, ಅವಳ ಮುಂದೆ ಬನ್ನು. ಬನ್ನು ನಮ್ಮ ಅಂಗಡಿಯೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಒಳಗೆ ಬಂದವಳೇ ಸ್ಟೂಲನ್ನು ಎರಡು ಸುತ್ತು ಹಾಕಿ, ಕನ್ನಡಿಯಲ್ಲಿ ತನ್ನನ್ನು ತಾನೇ ಕಂಡು ಬೊಗಳಿ, ಡ್ರೈವರ ಚಪ್ಪಲಿ ಮೂಸಿ ಬಂದಳು.

ಒಳಬಾಗಿಲಿಂದ ಮಾವ ಸಾಹೇಬರನ್ನು ಕರೆತಂದ. ಫ್ರೇಮು ಒರೆಸಿ ಹಾಕಿದ್ದ. ಮಾವನ ಕಣ್ಣೆಲ್ಲ ಎದುರಿಗಿದ್ದ ಬೇಕರಿ ಅಕ್ಕನ ಮುಖದ ಮೇಲೆ, ಅವಳು ಮೆಚ್ಚುವುದನ್ನು ನೋಡಲು. ಅತ್ತೆ ಬಾಗಿಲಲ್ಲೇ ನಿಂತಳು. ಮಾವ ಬೆಲ್ಟು ಬಿಟ್ಟು, "ಹೋಗಿ ಸಾಹೇಬ್ರೇ," ಎಂದ.

ಸಾಹೇಬರು ರಾಜನಡಿಗೆಯಲ್ಲಿ ಹೊರಟರು. ದಿನಾ ತಿರುಗುವಲ್ಲಿ ತಿರುಗಿದರು. ತಿರುಗಿ ನೇರ ಹೋಗಿ ಸ್ಟೂಲಿಗೆ ಬಡಿದರು.

ಫ್ರೇಮು ಬಿತ್ತು. ಅವರು ಬೊಗಳಲಿಲ್ಲ. ಒಂದು ಮುಂಗಾಲು ಎತ್ತಿ, ಇನ್ನೂ ಏನಿದೆ ಎಂದು ಕೇಳುವಂತೆ ಗಾಳಿಯಲ್ಲಿ ಹಿಡಿದು ನಿಂತರು. ಮತ್ತೆ ಹಿಂದಕ್ಕೆ ಸರಿದು ತಮ್ಮ ಚಾಪೆ ಹುಡುಕಿಕೊಂಡು ಹೋದವರು ಕನ್ನಡಿಯ ಸ್ಟ್ಯಾಂಡಿಗೆ ತಲೆ ಹೊಡೆದುಕೊಂಡರು. ನನಗೆ ಸಂದಿನಿಂದ ನೋಡಲಾಗಲಿಲ್ಲ. ಆದರೂ ನೋಡಿದೆ.

"ಯಾರು ಸ್ಟೂಲು ಸರಿಸಿದ್ದು?" ಎನ್ನುತ್ತಾ ಮಾವ ಅವರ ಕಡೆ ಧಾವಿಸಿದ. ಧಾವಿಸಿದವನ ಎಡಭುಜ ಕನ್ನಡಿಗೆ ಧಡಾರನೆ ಬಡಿಯಿತು. ಕನ್ನಡಿ ಓಲಾಡಿತು. ಡ್ರೈವರು ಬಸ್ಸಿಗೆ ಬ್ರೇಕು ಹಾಕುವಂತೆ ಒಂದು ಕಾಲು ಮುಂದಿಟ್ಟು ಅದನ್ನು ಹಿಡಿದುಕೊಂಡರು.

ಮಾವ ಭುಜ ಉಜ್ಜಿಕೊಂಡ. ಉಜ್ಜಿಕೊಳ್ಳುತ್ತಾ ಅವನ ಮುಖ ಅರಳಿತು. ಕೋರ್ಟಿನಲ್ಲಿ ಸಾಕ್ಷಿ ಸಿಕ್ಕಿದವನ ಹಾಗೆ ಎಲ್ಲರ ಕಡೆ ತಿರುಗಿದ. "ನೋಡಿದ್ರಾ? ಕಣ್ಣಿರೋ ನನಗೇ ಕಾಣಿಸಲಿಲ್ಲ. ಇನ್ನು ಪಾಪ ಅವರಿಗೆ ಹೇಗೆ ಕಾಣಬೇಕು? ದಾರಿಗೆ ಅಡ್ಡ ಇಟ್ಟು ಬಡೀತು ಅಂದ್ರೆ ಆಯ್ತಾ?"

ಡ್ರೈವರು ಹೌದೌದು ಎಂದರು. ಬೇಕರಿ ಅಕ್ಕನಿಗೂ ಸರಿ ಎನ್ನಿಸಿರಬೇಕು, ಬನ್ನುವಿನ ಬೆಲ್ಟು ಬಿಚ್ಚಲು ಬಗ್ಗಿದಳು. ಆ ಬೆಲ್ಟಿನ ಕೊಂಡಿ ಬಿಚ್ಚಿಕೊಂಡರೆ ಎಲ್ಲ ಮುಗಿಯಿತು ಎಂದು ನನಗನ್ನಿಸಿತು. ಪರದೆ ಸರಿಸಿ ಹೊರಗೆ ಬಂದೆ. ಕೈಗೆಲ್ಲ ಗಾಜಿನ ಹಿಟ್ಟು ಮೆತ್ತಿತ್ತು. ನಾನು ಹೀಗೆ ಹಗಲಲ್ಲಿ ಗಿರಾಕಿಗಳ ಮುಂದೆ ಬಂದದ್ದು ಕಂಡು ಮಾವ ಬಾಯಿ ತೆರೆದವನು ತೆರೆದೇ ನಿಂತ.

"ಮಾವಾ, ಬನ್ನುಗೆ ಬಡೀಲಿಲ್ಲ," ಎಂದೆ.

ಧ್ವನಿ ಎಲ್ಲಿಂದ ಬಂತು ಎಂದು ಡ್ರೈವರು ನನ್ನ ಹಿಂದೆ ಇಣುಕಿ ನೋಡಿದರು.

"ಬನ್ನು ಇವತ್ತೇ ಮೊದಲು ಇಲ್ಲಿಗೆ ಬಂದಿದ್ದು. ಅವಳಿಗೆ ಏನೂ ತಾಗಲಿಲ್ಲ. ಸಾಹೇಬರಿಗೆ ಅಂಗಡಿ ಬಾಯಿಪಾಠ ಮಾವಾ. ನಾನು ಚಾರ್ಟು ತಿರುಗಿಸಿದೆ, ಅಷ್ಟೇ."

ಬೇರೆ ಯಾರಿಗಾದರೂ ಇದನ್ನು ಬಿಡಿಸಿ ಹೇಳಬೇಕಾಗುತ್ತಿತ್ತು. ಮಾವನಿಗೆ ಬೇಕಾಗಲಿಲ್ಲ. ಅವನು ಸ್ಟೂಲನ್ನು ನೋಡಿದ, ಕಾಲೊರಸನ್ನು ನೋಡಿದ, ಆಮೇಲೆ ಗೋಡೆಯ ಚಾರ್ಟು ನೋಡಿದ. ಡ್ರೈವರು ಯಾಕೋ ತಮ್ಮ ಚಪ್ಪಲಿ ನೋಡತೊಡಗಿದರು. ಮಾವ ನೆಲಕ್ಕೆ ಕೂತು ಸಾಹೇಬರ ಮುಖವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದ. ಎಡಗಣ್ಣಿನ ಮುಂದೆ ಬೆರಳು ಆಡಿಸಿದ. ಇಷ್ಟು ದಿನ ಬಂದವರಿಗೆಲ್ಲ ಮಾಡುತ್ತಿದ್ದ ಕೆಲಸ, ಸಾಹೇಬರಿಗೆ ಮಾಡಿದ್ದು ಅವತ್ತೇ. ಕಣ್ಣು ಮಿಟುಕಲಿಲ್ಲ. ಸಾಹೇಬರು ಬಾಲ ಮಾತ್ರ ಅಲ್ಲಾಡಿಸಿದರು, ಕೈಯ ವಾಸನೆಯಿಂದ ಇವನು ಯಾರೆಂದು ಗೊತ್ತಿತ್ತಲ್ಲ.

ಮರಿಗಳಿಗೂ ಬರುತ್ತದೆಯೇ ಎಂದು ಬೇಕರಿ ಅಕ್ಕ ನನ್ನನ್ನೇ ಕೇಳಿದಳು. ಬರಬಹುದು ಎಂದು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಹೇಳುವಾಗ ಕಾಲಿನ ಹೆಬ್ಬೆರಳು ಬುಟ್ಟಿಯನ್ನು ಹುಡುಕಿತು. ಬುಟ್ಟಿ ಪರದೆಯ ಆಚೆ ಇತ್ತು. ಅಕ್ಕ ಬೆಲ್ಟನ್ನು ಕೈಗೆ ಸುತ್ತಿಕೊಂಡು, "ಕನ್ನಡಕದಣ್ಣಾ, ಊರಿನವರ ಕಣ್ಣೆಲ್ಲ ನೋಡ್ತೀಯ, ಮನೇಲಿರೋರ ಕಣ್ಣೂ ಒಂಚೂರು ನೋಡಪ್ಪ," ಎಂದು ಹೊರಟಳು. ಸಿಟ್ಟಿರಲಿಲ್ಲ. ಸಂಜೆ ಸಾಹೇಬರಿಗೆಂದು ಬಿಸ್ಕೆಟ್ಟಿನ ಪುಡಿ ಕಟ್ಟಿ ಕಳಿಸಿದ್ದಳು.

ಅವಳು ಹೋದ ಮೇಲೆ ಅಂಗಡಿ ತಣ್ಣಗಾಯಿತು ಎಂದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅತ್ತೆ ಬಾಯಿ ತೆರೆದಳು.

"ಅದೆಲ್ಲ ಸರಿ. ನಿಮಗ್ಯಾಕ್ರೀ ಕನ್ನಡಿ ಬಡೀತು?"

ಗಮನ ಇರಲಿಲ್ಲ ಎಂದ ಮಾವ.

"ಮೊನ್ನೆ ಬಾಗಿಲ ಚೌಕಟ್ಟಿಗೂ ಗಮನ ಇರಲಿಲ್ಲ. ನಿನ್ನೆ ಎಡಗಡೆ ಇಟ್ಟ ಟೀ ಲೋಟ ಬೀಳಿಸಿದ್ರಿ, ಅದಕ್ಕೂ ಇರಲಿಲ್ಲ. ನಿಮ್ಮಪ್ಪ ಕೊನೆಗಾಲದಲ್ಲಿ ಗೋಡೆ ಹಿಡ್ಕೊಂಡು ಓಡಾಡ್ತಿದ್ರು."

"ಅಪ್ಪಂದು ವಯಸ್ಸು ಕಣೇ."

"ನಿಮ್ಮಪ್ಪಂದು ವಯಸ್ಸು, ಸಾಹೇಬರದ್ದು ಸಂಸ್ಕಾರ. ನಿಮ್ಮದೇನು?"

ಡ್ರೈವರು ಈ ಹೊತ್ತಿಗೆ ತಮ್ಮ ಕನ್ನಡಕ ತಾವೇ ಎತ್ತಿಕೊಂಡು, ಕಣ್ಣಿಗೆ ಹಾಕಿಕೊಂಡು, ಬಾಗಿಲು ಸೇರಿದ್ದರು. ಅಲ್ಲಿಂದಲೇ, ಸೈಡ್ ಮಿರರ್ ಹೋದ ಗಾಡಿ ಓಡಿಸಬಾರದು ಸ್ವಾಮಿ, ಎಂದು ಹೇಳಿ ಹೋದರು. ಮಾವ ಎಲ್ಲಕ್ಕಿಂತ ಹೆಚ್ಚು ಬೇಜಾರು ಮಾಡಿಕೊಂಡದ್ದು ಆ ಮಾತಿಗೆ. ಚಾರ್ಟು ಬಾಯಿಪಾಠ ಮಾಡುವವನ ಹತ್ತಿರ ಬುದ್ಧಿ ಹೇಳಿಸಿಕೊಂಡೆನಲ್ಲ ಎಂದು ಮಧ್ಯಾಹ್ನದವರೆಗೆ ಗೊಣಗಿದ.

ಅತ್ತೆ ಮರುದಿನವೇ ಅವನನ್ನು ಕಣ್ಣಿನ ಆಸ್ಪತ್ರೆಗೆ ಎಳೆದೊಯ್ದಳು. ಮಾವನ ಎರಡು ಕಣ್ಣಿನಲ್ಲೂ ಒತ್ತಡ ಏರಿತ್ತು, ಎಡಗಣ್ಣಿನಲ್ಲಿ ಅಂಚಿನ ನೋಟ ಒಂದಿಷ್ಟು ಹೋಗಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ದಿನಾ ಹನಿ ಹಾಕಿ ಕಾಪಾಡಿಕೊಳ್ಳಬೇಕು ಎಂದರಂತೆ. ರಕ್ತಸಂಬಂಧಿಗಳೂ ತೋರಿಸಿಕೊಳ್ಳಲಿ ಎಂದದ್ದಕ್ಕೆ, ಅವನ ತಂಗಿಯ ಮಗಳಾದ ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದರು. ನನ್ನದು ಸದ್ಯಕ್ಕೆ ಚೆನ್ನಾಗಿದೆ. ವರ್ಷಕ್ಕೊಮ್ಮೆ ಬಾ ಎಂದಿದ್ದಾರೆ.

ಸಾಹೇಬರ ವಿಷಯಕ್ಕೆ ಮಾವನೇ ಅತ್ತೆಯ ಜೊತೆ, ಜೋಡಿ ತಪ್ಪಿದ ಸಂಜೆಯೇ, ಡಾಕ್ಟರಮ್ಮನ ಹತ್ತಿರ ಹೋಗಿ ಬಂದಿದ್ದ. ನಂಬರು ನೋಡುವ ಮಾತು ಎತ್ತಲಿಲ್ಲ ಎಂದು ಅತ್ತೆ ಹೇಳಿದಳು. ನೋಟ ಕಡಿಮೆಯಾದ ನಾಯಿ ಇರುವಲ್ಲಿ ಸಾಮಾನುಗಳನ್ನು ಆಚೀಚೆ ಮಾಡಬಾರದು, ಇದ್ದದ್ದು ಇದ್ದಲ್ಲೇ ಇರಬೇಕು ಎಂದು ಡಾಕ್ಟರಮ್ಮ ಹೇಳಿದ್ದೇ ಮಾವನಿಗೆ ಹೋದ ಜೀವ ಬಂತು. ಬಂದವನೇ ಕಾಲೊರಸು ಎತ್ತಿ, ಸ್ಟೂಲಿನ ಕಾಲುಗಳನ್ನು ಗುಳಿಗಳಲ್ಲಿ ಕೂರಿಸಿ, ಇಷ್ಟು ವರ್ಷ ನಾನು ಹೇಳಿದ್ದು ಇನ್ನೇನು ಎಂದು ಅತ್ತೆಯನ್ನು ಕೇಳಿದ. ಈಗ ಗಿರಾಕಿಗಳಿಗೆ ಸಾಹೇಬರ ಅಜ್ಜ ಕಪ್ ಗೆದ್ದ ಕಥೆ ಹೇಳುವುದಿಲ್ಲ. ನಿಮ್ಮಪ್ಪನ ಕಣ್ಣು ಹೇಗಿತ್ತು ಎಂದು ಕೇಳುತ್ತಾನೆ. ಕೆಲವರು ಕನ್ನಡಕ ಬಿಟ್ಟು ಇವನಿಗ್ಯಾಕೆ ನಮ್ಮಪ್ಪನ ವಿಚಾರ ಎಂದು ಮುಖ ನೋಡುತ್ತಾರೆ. ಮಾವ ಬಿಡುವುದಿಲ್ಲ.

ನನ್ನ ಬುಟ್ಟಿಗೆ ಮರಿ ಬರಲಿಲ್ಲ. ಬನ್ನುಗೆ ಬೇರೆ ಕಡೆ, ಕಣ್ಣು ತೋರಿಸಿಯೇ, ಜೋಡಿ ನೋಡುತ್ತೇನೆ, ಆಗ ನಿನಗೊಂದು ಎಂದು ಬೇಕರಿ ಅಕ್ಕ ಹೇಳಿದ್ದಾಳೆ. ನೋಡೋಣ ಎಂದಿದ್ದೇನೆ. ಬುಟ್ಟಿ ಖಾಲಿಯಿಲ್ಲ. ಬಾಗಿಲ ಬಳಿಯ ಗಲಾಟೆ ಬೇಡವೆನ್ನಿಸಿದಾಗ ಸಾಹೇಬರು ಮೂಸಿಕೊಂಡು ಪರದೆಯ ಹಿಂದೆ ಬಂದು ಅದರೊಳಗೆ ಕೂರುತ್ತಾರೆ. ತಲೆ ಮತ್ತು ಎದೆ ಮಾತ್ರ ಹಿಡಿಸುತ್ತದೆ. ಮಿಕ್ಕ ಸಾಹೇಬರು ಹೊರಗಿರುತ್ತಾರೆ. ಗೋಡೆಗೆ ಹಣೆ ಒತ್ತುವುದು ಕಡಿಮೆಯಾಗಿದೆ.

ಬೆಳಿಗ್ಗೆ, ಸಂಜೆ ಹನಿ ಹಾಕುವುದು ನನ್ನ ಪಾಲಿಗೆ ಬಂತು. ಸಾಹೇಬರ ಸೀಸೆ ಬೇರೆ, ಮಾವನ ಸೀಸೆ ಬೇರೆ, ಮುಚ್ಚಳಕ್ಕೆ ಬಣ್ಣದ ದಾರ ಕಟ್ಟಿಟ್ಟಿದ್ದೇನೆ. ಸಾಹೇಬರದ್ದು ಏನೂ ತೊಂದರೆಯಿಲ್ಲ. ಗಲ್ಲಕ್ಕೆ ಕೈ ಹಚ್ಚಿದರೆ ತಾವೇ ಮುಖ ಎತ್ತುತ್ತಾರೆ. ಜಾಣಮರಿ, ಆಯ್ತು ಆಯ್ತು, ಎಂದು ಹನಿ ಹಾಕಿ ಒಂದು ಬಿಸ್ಕೆಟ್ಟು ಕೊಡುತ್ತೇನೆ. ಆಮೇಲೆ ಮಾವನ ಸರದಿ. ಸ್ಟೂಲಿನ ಮೇಲೆ ಕೂರುತ್ತಾನೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಇರು ಇರು, ಈಗಲೇ ಬೇಡ, ಎನ್ನುತ್ತಾನೆ. ಹನಿ ಕೆನ್ನೆಗೆ ಬೀಳುತ್ತದೆ, ಕಿವಿಗೆ ಬೀಳುತ್ತದೆ, ಒಮ್ಮೆ ಕೌಂಟರಿಗೂ ಬಿದ್ದಿತ್ತು. ಹುಟ್ಟಿದಾಗಿನಿಂದ ಇನ್ನೊಬ್ಬರ ಕಣ್ಣೇ ನೋಡಿದವನಿಗೆ ತನ್ನ ಕಣ್ಣನ್ನು ಯಾರಾದರೂ ಮುಟ್ಟುವುದೆಂದರೆ ಪ್ರಾಣ ಹೋದಂತೆ.

ಮೊನ್ನೆ ಸಂಜೆ ನಾನು ಅವನ ಗಲ್ಲ ಹಿಡಿದು ಮುಖ ಮೇಲೆತ್ತಿದೆ. ಎಡಗೈಯಿಂದ ರೆಪ್ಪೆ ಬಿಡಿಸಿದೆ. ಕೈಗೆ ಅಭ್ಯಾಸವಾಗಿತ್ತಲ್ಲ, ಬಾಯಿಗೂ ಆಗಿಬಿಟ್ಟಿತ್ತು. ಹನಿ ಸರಿಯಾಗಿ ಒಳಗೆ ಬಿದ್ದ ಖುಷಿಯಲ್ಲಿ, "ಜಾಣಮರಿ, ಆಯ್ತು ಆಯ್ತು," ಎಂದುಬಿಟ್ಟೆ.

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅಲ್ಲಿ ಗಿರಾಕಿಗಳಿದ್ದರು. ಅತ್ತೆ ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದಳು. ಮಾವ ಕಣ್ಣು ಮುಚ್ಚಿಕೊಂಡೇ, ಗಂಭೀರವಾಗಿ, ನನ್ನ ಮುಂದೆ ಅಂಗೈ ಚಾಚಿದ.

"ಬಿಸ್ಕೆಟ್ ಎಲ್ಲಿ?" ಎಂದ.